ಕಡಲ ನಡುವಿನ ಉಗ್ರಾಣ

2014ರ ಜನವರಿ 7ರಂದು ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರಕ್ಕೆ ಬಂತು. ರಷ್ಯಾದ ಉತ್ತರ ತುದಿಯ ಸೆವೆರೊದ್ವಿನ್ಸ್ಕ್‌ನಲ್ಲಿ 2013ರ ನವೆಂಬರ್ 16ರಂದು ನೌಕಾಪಡೆಗೆ ಸೇರಿದ್ದ ಈ ವಿಮಾನವಾಹಕ ನೌಕೆ, ಚಳಿಗಾಲದ ಬ್ಯಾರೆಂಟ್ಸ್ ಸಮುದ್ರ ದಾಟಿ, ಯುರೋಪನ್ನು ಬಳಸಿಕೊಂಡು ತನ್ನ ಮನೆ ಸೇರಿತ್ತು. 44,500 ಟನ್ ತೂಕ, 284 ಮೀಟರ್ ಉದ್ದ, ಇಪ್ಪತ್ತು ಮಹಡಿ ಕಟ್ಟಡದಷ್ಟು ಎತ್ತರ. ಟಿವಿಯವರಿಗೂ ಪತ್ರಿಕೆಯವರಿಗೂ ಅದನ್ನು ಎಷ್ಟು ತೋರಿಸಿದರೂ ಸಾಲದು. ಆ ದೂರದ ಪ್ರಯಾಣದಲ್ಲಿ ಜೊತೆಗಿದ್ದ ಇನ್ನೊಂದು ಹಡಗಿನ ಕಡೆ ಯಾರ ಕ್ಯಾಮೆರಾವೂ ಹೆಚ್ಚು ತಿರುಗಲಿಲ್ಲ. ಅದರ ಮೇಲೆ ವಿಮಾನಗಳಿರಲಿಲ್ಲ, ಕ್ಷಿಪಣಿಗಳಿರಲಿಲ್ಲ. ಇದ್ದದ್ದು ಕಂಬಗಳು, ರಾಟೆಗಳು, ದಪ್ಪ ಕಪ್ಪು ಪೈಪುಗಳು. ಅದರ ಹೆಸರು ಐಎನ್‌ಎಸ್ ದೀಪಕ್.

ವಿಕ್ರಮಾದಿತ್ಯದ ಹೊಟ್ಟೆಯಲ್ಲಿ 8,000 ಟನ್‌ಗೂ ಹೆಚ್ಚು ಡೀಸೆಲ್ ಹಿಡಿಸುತ್ತದೆ. ಅಷ್ಟರಲ್ಲಿ ಅದು ಸುಮಾರು 7,000 ನಾಟಿಕಲ್ ಮೈಲಿ, ಅಂದರೆ 13,000 ಕಿಲೊಮೀಟರ್ ಹೋಗಬಲ್ಲದು ಎಂದು ನೌಕಾಪಡೆಯೇ ಹೇಳಿದೆ. ರಷ್ಯಾದಿಂದ ಕಾರವಾರದ ದಾರಿ ಅದಕ್ಕಿಂತ ಉದ್ದ. ಹಡಗಿನಲ್ಲಿ 1,600ಕ್ಕೂ ಹೆಚ್ಚು ಮಂದಿ. ಅವರಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು. ಒಮ್ಮೆ ತುಂಬಿಕೊಂಡು ಹೊರಟರೆ 45 ದಿನ ಸಾಗೀತು. ಆಮೇಲೆ? ಒಂದೋ ಯಾವುದಾದರೂ ದೇಶದ ಬಂದರಿಗೆ ಹೋಗಿ ನಿಲ್ಲಬೇಕು, ಇಲ್ಲವೇ ಬಂದರೇ ಕಡಲಿನ ನಡುವೆ ಅದರ ಬಳಿಗೆ ಬರಬೇಕು. ಎರಡನೆಯದನ್ನು ಆಗಿಸುವುದೇ ದೀಪಕ್‌ನಂಥ ಹಡಗುಗಳ ಕೆಲಸ. ನೌಕಾಪಡೆಯಲ್ಲಿ ಇವನ್ನು ಫ್ಲೀಟ್ ಟ್ಯಾಂಕರ್ ಎನ್ನುತ್ತಾರೆ.

ಮದುವೆ ಮನೆಯಲ್ಲಿ ಫೋಟೊಗ್ರಾಫರ್ ಉಗ್ರಾಣದ ಕಡೆ ಹೋಗುವುದಿಲ್ಲ. ಆದರೆ ಎರಡನೇ ಪಂಕ್ತಿಗೆ ಅನ್ನ ಉಂಟೋ ಇಲ್ಲವೋ ಎಂದು ಹೇಳಬಲ್ಲವನು ಉಗ್ರಾಣದ ಬೀಗದ ಕೈ ಇಟ್ಟುಕೊಂಡವನೊಬ್ಬನೇ. ಒಂದು ದೇಶದ ನೌಕಾಬಲದ ಅಳತೆಯೂ ಹಾಗೆಯೇ. ಅದರ ಬಳಿ ಎಷ್ಟು ಯುದ್ಧನೌಕೆಗಳಿವೆ ಎನ್ನುವುದಕ್ಕಿಂತ, ಮನೆಯಿಂದ ಎರಡು ಸಾವಿರ ಮೈಲಿ ಆಚೆ ಆ ನೌಕೆಗಳನ್ನು ಎಷ್ಟು ವಾರ ನಿಲ್ಲಿಸಬಲ್ಲದು ಎಂಬ ಪ್ರಶ್ನೆ ಹೆಚ್ಚು ನಿಜವಾದದ್ದು. ಆ ಪ್ರಶ್ನೆಗೆ ಉತ್ತರ ಕೊಡುವುದು ಎಣ್ಣೆ ಹಡಗು. ನಾವು ಅದರ ಬಗ್ಗೆ ಬರೆದದ್ದು ಕಡಿಮೆ, ಅದಕ್ಕಾಗಿ ಖರ್ಚು ಮಾಡಿದ್ದು ಇನ್ನೂ ಕಡಿಮೆ.

ನಿಲ್ಲದೆ ನಡೆಯುವ ಕೆಲಸ

ಕಡಲಿನಲ್ಲಿ ಎಣ್ಣೆ ತುಂಬಿಸುವುದೆಂದರೆ ಎರಡು ಹಡಗು ಲಂಗರು ಹಾಕಿ, ಪಕ್ಕಪಕ್ಕ ನಿಂತು ಪೈಪು ಜೋಡಿಸುವುದು ಎಂದು ಅನ್ನಿಸಬಹುದು. ಹಾಗೆ ನಿಲ್ಲುವಂತಿಲ್ಲ. ನಿಂತ ಹಡಗು ಅಲೆಯ ಕೈಗೊಂಬೆ. ಅತ್ತ ಇತ್ತ ಹೊಯ್ದಾಡಿ ಪಕ್ಕದ್ದಕ್ಕೆ ಬಡಿಯುತ್ತದೆ. ಚುಕ್ಕಾಣಿ ಮಾತು ಕೇಳಬೇಕಾದರೆ ಹಡಗು ಓಡುತ್ತಿರಬೇಕು. ಯುದ್ಧಕಾಲದಲ್ಲಂತೂ ನಿಂತ ಹಡಗೆಂದರೆ ಶತ್ರುವಿನ ಜಲಾಂತರ್ಗಾಮಿಗೆ ಕೊಟ್ಟ ಆಹ್ವಾನ. ಹಾಗಾಗಿ ಇಡೀ ಕೆಲಸ ಓಡುತ್ತಲೇ ನಡೆಯಬೇಕು. ನೌಕಾಪಡೆಯವರ ಬಾಯಲ್ಲಿ ಇದಕ್ಕೆ 'ರಾಸ್' ಎಂದು ಹೆಸರು.

ಮೊದಲು ಟ್ಯಾಂಕರ್ ಒಂದು ದಿಕ್ಕನ್ನೂ ಒಂದು ವೇಗವನ್ನೂ ಹಿಡಿಯುತ್ತದೆ. ಸಾಮಾನ್ಯವಾಗಿ 12ರಿಂದ 16 ನಾಟ್, ಅಂದರೆ ಗಂಟೆಗೆ 22ರಿಂದ 30 ಕಿಲೊಮೀಟರ್. ಆಮೇಲೆ ಅದು ಅತ್ತಿತ್ತ ಕದಲಬಾರದು. ಎಣ್ಣೆ ಬೇಕಾದ ಯುದ್ಧನೌಕೆ ಹಿಂದಿನಿಂದ ತುಸು ಹೆಚ್ಚಿನ ವೇಗದಲ್ಲಿ ಬಂದು, ಟ್ಯಾಂಕರಿನ ಪಕ್ಕಕ್ಕೆ ಸರಿಯಾಗಿ ಸೇರಿ, ವೇಗ ತಗ್ಗಿಸಿ ಸಮಸಮವಾಗಿ ಓಡತೊಡಗುತ್ತದೆ. ನಡುವಿನ ಅಂತರ 30ರಿಂದ 60 ಮೀಟರ್. ಹಗ್ಗದ ಕಂಬದಲ್ಲಿ ಕೆಂಪು ನೆಲದ ಮೇಲೆ ಹಳದಿ ಶಿಲುಬೆಯ 'ರೋಮಿಯೊ' ಬಾವುಟ ಏರುತ್ತದೆ: ನಾವು ಸಿದ್ಧ.

ಆಮೇಲಿನದು ಬಂದೂಕಿನ ಕೆಲಸ. ಒಂದು ಹಡಗಿನಿಂದ ತೆಳ್ಳನೆಯ ದಾರ ಕಟ್ಟಿದ ಗುಂಡನ್ನು ಇನ್ನೊಂದರ ಮೇಲೆ ಹಾರಿಸುತ್ತಾರೆ. ಹಾರಿಸುವ ಮುನ್ನ ಸೀಟಿ. ಆಚೆ ಹಡಗಿನ ಮೇಲಿದ್ದವರೆಲ್ಲ ಮರೆಗೆ ಸರಿಯುತ್ತಾರೆ. ದಾರ ಬಂದು ಬಿದ್ದ ಕೂಡಲೆ ಅದನ್ನು ಹಿಡಿದು ಎಳೆದರೆ ಅದರ ತುದಿಗೆ ಕಟ್ಟಿದ ಹಗ್ಗ ಬರುತ್ತದೆ, ಹಗ್ಗದ ತುದಿಗೆ ಇನ್ನೂ ದಪ್ಪನೆಯದು, ಅದರ ಕೊನೆಗೆ ಉಕ್ಕಿನ ತಂತಿ. ತಂತಿಯನ್ನು ಯುದ್ಧನೌಕೆಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಎರಡು ಹಡಗು ಹತ್ತಿರ ಬಂದರೆ ತಂತಿ ಜೋಲುತ್ತದೆ, ದೂರ ಸರಿದರೆ ಹರಿಯುತ್ತದೆ. ಎರಡೂ ಆಗದಂತೆ ಅದನ್ನು ಸದಾ ಒಂದೇ ಬಿಗಿಯಲ್ಲಿ ಹಿಡಿದಿಡುವ ಯಂತ್ರ ಟ್ಯಾಂಕರಿನ ಕಂಬದಲ್ಲಿದೆ. ಈ ತಂತಿಗೆ ನೇತುಬಿದ್ದು, ಮಾಲೆಮಾಲೆಯಾಗಿ ಜೋಲುತ್ತ, ಎಣ್ಣೆಯ ಪೈಪು ಆಚೆಗೆ ಹರಿದುಹೋಗುತ್ತದೆ. ಅದರ ಮೂತಿಯಲ್ಲಿ 'ಪ್ರೋಬ್' ಎಂಬ ಉಕ್ಕಿನ ಕೊಳವೆ. ಅದು ಯುದ್ಧನೌಕೆಯ ಪಕ್ಕದಲ್ಲಿರುವ ಗಂಟೆಯಾಕಾರದ ಬಾಯಿಗೆ ಹೋಗಿ ಕಚ್ಚಿಕೊಂಡಿತೆಂದರೆ ಪಂಪು ಶುರು. ಪೂರ್ತಿ ಕೆಂಪಾದ 'ಬ್ರಾವೊ' ಬಾವುಟ ಏರುತ್ತದೆ: ಅಪಾಯಕಾರಿ ವಸ್ತು ಹೋಗುತ್ತಿದೆ, ಎಚ್ಚರ.

ಇದೆಲ್ಲದರ ಜೊತೆಗೆ ಎರಡು ಹಡಗಿನ ನಡುವೆ ಇನ್ನೊಂದು ಹಗ್ಗವೂ ಇರುತ್ತದೆ. ಅದಕ್ಕೆ ನಿಗದಿತ ಅಂತರದಲ್ಲಿ ಬಣ್ಣಬಣ್ಣದ ಚಿಕ್ಕ ಬಾವುಟಗಳು. ರಡಾರ್, ಲೇಸರ್ ಎಲ್ಲ ಇರುವ ಈ ಕಾಲದಲ್ಲೂ ಬ್ರಿಜ್‌ನ ಮೇಲೆ ನಿಂತ ಕ್ಯಾಪ್ಟನ್ ಆ ಬಾವುಟ ನೋಡಿಯೇ ಅಂತರ ಅಳೆಯುತ್ತಾನೆ. ಕಣ್ಣಿಗೆ ಕಾಣುವುದಕ್ಕಿಂತ ಬೇಗ ಬೇರಾವುದೂ ಹೇಳುವುದಿಲ್ಲ.

ಅಂತರ ಅಷ್ಟು ಮುಖ್ಯವಾಗುವುದಕ್ಕೆ ಕಾರಣ ನೀರಿನ ಸ್ವಭಾವ. ಓಡುವ ಹಡಗಿನ ಮುಂಭಾಗದಲ್ಲೂ ಹಿಂಭಾಗದಲ್ಲೂ ನೀರಿನ ಒತ್ತಡ ಹೆಚ್ಚು, ನಡುಭಾಗದಲ್ಲಿ ಕಡಿಮೆ. ಎರಡು ಹಡಗು ಪಕ್ಕಪಕ್ಕ ಓಡಿದಾಗ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಇನ್ನೂ ಬೀಳುತ್ತದೆ; ಎರಡನ್ನೂ ಒಂದರತ್ತ ಒಂದು ಸೆಳೆಯುತ್ತದೆ. 1911ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಬಳಿ ಟೈಟಾನಿಕ್‌ನ ಜೋಡಿ ಹಡಗು 'ಒಲಿಂಪಿಕ್' ಪಕ್ಕ ಸಾಗುತ್ತಿದ್ದ 'ಹಾಕ್' ಎಂಬ ಯುದ್ಧನೌಕೆ ಅದರ ಪಕ್ಕೆಗೆ ಹೋಗಿ ಗುದ್ದಿದ್ದಕ್ಕೆ ಈ ಸೆಳೆತವೇ ಕಾರಣ ಎಂದು ನ್ಯಾಯಾಲಯ ಒಪ್ಪಿತ್ತು. ರಾಸ್ ಮಾಡುವವರು ಇಂಥ ಸೆಳೆತದ ಒಳಗೇ ಗಂಟೆಗಟ್ಟಲೆ ಇರಬೇಕು. ಚುಕ್ಕಾಣಿ ಹಿಡಿದವನಿಗೆ ಬರುವ ಆಜ್ಞೆ ಒಂದು ಡಿಗ್ರಿ, ಕೆಲವೊಮ್ಮೆ ಅರ್ಧ ಡಿಗ್ರಿ. ಎಂಜಿನ್‌ಗೆ ಹೋಗುವ ಆಜ್ಞೆ ಪ್ರೊಪೆಲ್ಲರಿನ ಒಂದೆರಡು ಸುತ್ತು ಹೆಚ್ಚು, ಒಂದೆರಡು ಸುತ್ತು ಕಡಿಮೆ. ಚುಕ್ಕಾಣಿ ಕೈಕೊಟ್ಟರೆ, ಎಂಜಿನ್ ನಿಂತರೆ, ಕ್ಷಣದಲ್ಲಿ ಬೇರೆಯಾಗಬೇಕು. ಅದಕ್ಕೆ 'ಎಮರ್ಜೆನ್ಸಿ ಬ್ರೇಕ್‌ಅವೇ' ಎಂಬ ಕವಾಯತು ಇದೆ. ತಂತಿ ಬಿಚ್ಚಲು ಹೊತ್ತಿಲ್ಲದಿದ್ದರೆ ಕಡಿಯಲು ಕೊಡಲಿ ಕೈಯಳತೆಯಲ್ಲೇ ಇರುತ್ತದೆ. ನೂರು ವರ್ಷದ ಅನುಭವ ಇದ್ದವರಿಗೂ ತಪ್ಪುತ್ತದೆ. 2019ರ ಫೆಬ್ರುವರಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ 'ಲೇಟಿ ಗಲ್ಫ್' ಎಂಬ ಕ್ರೂಸರ್ ಸರಕು ತುಂಬಿಕೊಳ್ಳುತ್ತಿದ್ದಾಗ ಸರಬರಾಜು ಹಡಗಿಗೇ ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ, ಎರಡೂ ಹಡಗಿಗೆ ಹಾನಿಯಾಯಿತು.

ಇಷ್ಟನ್ನು ಮಳೆಗಾಲದ ಅರಬ್ಬಿ ಸಮುದ್ರದಲ್ಲಿ, ರಾತ್ರಿ, ದೀಪ ಆರಿಸಿಕೊಂಡು ಮಾಡಬೇಕಾದ ಸಂದರ್ಭವೂ ಬರುತ್ತದೆ. ದೀಪಕ್‌ನಂಥ ಟ್ಯಾಂಕರು ಒಂದೇ ಹೊತ್ತಿಗೆ ನಾಲ್ಕು ಹಡಗಿಗೆ ಎಣ್ಣೆ ಕೊಡಬಲ್ಲದು. ಅಲೆ ತೀರಾ ಜೋರಿದ್ದರೆ ಹಿಂದಿನಿಂದ ಪೈಪು ತೇಲಿಬಿಟ್ಟು ಕೊಡುವ ಹಳೆಯ ಪದ್ಧತಿಯೂ ಇದೆ, ನಿಧಾನ ಆದರೆ ಅಪಾಯ ಕಡಿಮೆ. ತರಕಾರಿ, ಬಿಡಿಭಾಗ, ಕಾಗದಪತ್ರಗಳಿಗೆ ಹೆಲಿಕಾಪ್ಟರ್.

ಅಷ್ಟು ಕಷ್ಟಪಟ್ಟು ಕಡಲಲ್ಲೇ ಯಾಕೆ? ಯುದ್ಧನೌಕೆ ಎಣ್ಣೆ ಕುಡಿಯುವ ರೀತಿಯೇ ಹಾಗಿದೆ. ಹಡಗಿನ ವೇಗ ದುಪ್ಪಟ್ಟಾಗಬೇಕಾದರೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. ನಿಧಾನವಾಗಿ ಸಾಗಿದರೆ ವಾರಗಟ್ಟಲೆ ಬರುವ ಎಣ್ಣೆ, ಶತ್ರುವಿನ ಬೆನ್ನಟ್ಟಿ ಓಡಿದರೆ ಕೆಲವೇ ದಿನದಲ್ಲಿ ತಳ ಕಾಣುತ್ತದೆ. ಯಾವಾಗ ಓಡಬೇಕಾದೀತೆಂದು ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಟ್ಯಾಂಕು ಅರ್ಧ ಆಗುವುದನ್ನೂ ಯಾವ ಕ್ಯಾಪ್ಟನ್ ಇಷ್ಟಪಡುವುದಿಲ್ಲ. ಟ್ಯಾಂಕರ್ ಹತ್ತಿರ ಇದ್ದರೆ ಹೋಗಿ ತುಂಬಿಸಿಕೊಳ್ಳುತ್ತಾನೆ.

ಎಮ್ಡೆನ್ ಕಾದ ಹೊಗೆ

ಕಲ್ಲಿದ್ದಲಿನ ಕಾಲದಲ್ಲಿ ಈ ಸೌಭಾಗ್ಯವೂ ಇರಲಿಲ್ಲ. ಎಣ್ಣೆಯನ್ನು ಪೈಪಿನಲ್ಲಿ ಹರಿಸಬಹುದು, ಇದ್ದಲನ್ನು ಚೀಲದಲ್ಲಿ ಹೊರಬೇಕು. 1904ರಲ್ಲಿ ಜಪಾನಿನ ಮೇಲೆ ಯುದ್ಧಕ್ಕೆ ಹೊರಟ ರಷ್ಯಾದ ಬಾಲ್ಟಿಕ್ ನೌಕಾಪಡೆ ಸುಮಾರು 18,000 ಮೈಲಿ ದಾರಿಯನ್ನು ಜರ್ಮನಿಯ ಹಡಗು ಕಂಪನಿಯೊಂದರ ಇದ್ದಲು ಹಡಗುಗಳನ್ನು ನಂಬಿ ಸಾಗಿತು. ತಟಸ್ಥ ದೇಶಗಳು ಬಂದರಿಗೆ ಬಿಟ್ಟುಕೊಳ್ಳಲು ಹಿಂಜರಿದವು. ಮುಂದೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಅಡ್ಮಿರಲ್ ರೊಜೆಸ್ಟ್ವೆನ್‌ಸ್ಕಿ ಡೆಕ್ಕಿನ ಮೇಲೆ, ಮಲಗುವ ಕೋಣೆಗಳಲ್ಲಿ, ಜಾಗ ಸಿಕ್ಕಲ್ಲೆಲ್ಲ ಇದ್ದಲು ತುಂಬಿಸಿದ. ಆಫ್ರಿಕಾದ ಸೆಖೆಯಲ್ಲಿ ನಾವಿಕರು ಹತ್ತಿಚೂರು ಹಲ್ಲಿನಲ್ಲಿ ಕಚ್ಚಿಕೊಂಡು, ಅದರ ಮೂಲಕ ಉಸಿರಾಡುತ್ತ ಇದ್ದಲು ಹೊತ್ತರು. ಏಳೆಂಟು ತಿಂಗಳು ಹೀಗೆ ಸಾಗಿ 1905ರ ಮೇ ಕೊನೆಗೆ ಸುಶಿಮಾ ಮುಟ್ಟಿದ ಆ ಪಡೆಯನ್ನು ಜಪಾನೀಯರು ಎರಡು ದಿನದಲ್ಲಿ ಮುಗಿಸಿದರು.

ದಕ್ಷಿಣ ಭಾರತದ ಹಿರಿಯರ ಬಾಯಲ್ಲಿ ಬಹಳ ಕಾಲ ಉಳಿದಿದ್ದ ಹೆಸರು 'ಎಮ್ಡೆನ್'. ಜರ್ಮನಿಯ ಈ ಒಂಟಿ ಯುದ್ಧನೌಕೆ 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಊರಿಗೆ ಊರೇ ಗುಳೆ ಹೊರಟ ಕಥೆ ಎಲ್ಲರಿಗೂ ಗೊತ್ತು. ಹಿಂದೂ ಮಹಾಸಾಗರದಲ್ಲಿ ಸ್ನೇಹದ ಒಂದು ಬಂದರೂ ಇಲ್ಲದ ಎಮ್ಡೆನ್ ಅಷ್ಟು ದಿನ ಬದುಕಿದ್ದು ಹೇಗೆಂಬುದು ಅಷ್ಟಾಗಿ ಗೊತ್ತಿಲ್ಲ. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ಹಿಡಿದ ಹಡಗುಗಳಲ್ಲಿ ಇದ್ದಲು ಸಿಕ್ಕರೆ ಅದನ್ನು ಮುಳುಗಿಸುತ್ತಿರಲಿಲ್ಲ, ಜೊತೆಗೆ ಕರೆದೊಯ್ಯುತ್ತಿದ್ದ. 'ಬುರೆಸ್ಕ್' ಎಂಬ ಬ್ರಿಟಿಷ್ ಹಡಗು ಅವನ ಕೈಗೆ ಬಿದ್ದಾಗ ಅದರಲ್ಲಿ 6,000 ಟನ್‌ಗೂ ಹೆಚ್ಚು ಒಳ್ಳೆ ಜಾತಿಯ ವೇಲ್ಸ್ ಇದ್ದಲು ಇತ್ತು, ಬ್ರಿಟಿಷ್ ನೌಕಾಪಡೆಗೆಂದೇ ಹೊರಟದ್ದು. ಅದೇ ಎಮ್ಡೆನ್‌ನ ಬುತ್ತಿಯಾಯಿತು.

ನವೆಂಬರ್ 9ರ ಬೆಳಿಗ್ಗೆ ಎಮ್ಡೆನ್ ಕೊಕೋಸ್ ದ್ವೀಪದ ಬಳಿ ಇತ್ತು. ಕೆಲವರನ್ನು ದಡಕ್ಕಿಳಿಸಿ ತಂತಿ ಕಚೇರಿ ನಾಶ ಮಾಡಲು ಕಳಿಸಿ, ಇದ್ದಲು ತುಂಬಿಕೊಳ್ಳಲು ಬುರೆಸ್ಕ್‌ಗಾಗಿ ಕಾಯುತ್ತಿತ್ತು. ದಿಗಂತದಲ್ಲಿ ಹೊಗೆ ಕಂಡಾಗ ಬುರೆಸ್ಕ್ ಬಂತೆಂದೇ ಎಣಿಸಿದರು. ಬಂದದ್ದು ಆಸ್ಟ್ರೇಲಿಯದ 'ಸಿಡ್ನಿ', ಎಮ್ಡೆನ್‌ಗಿಂತ ದೊಡ್ಡ ಫಿರಂಗಿಗಳ ಯುದ್ಧನೌಕೆ. ಮಧ್ಯಾಹ್ನದ ಒಳಗೆ ಕಥೆ ಮುಗಿಯಿತು.

ಇಂಧನ ಇದ್ದಲಿನಿಂದ ಎಣ್ಣೆಗೆ ತಿರುಗಿದ್ದು ಆ ಹೊತ್ತಿಗೇ. ಓಡುತ್ತಲೇ ಎಣ್ಣೆ ತುಂಬುವ ಪದ್ಧತಿಗೆ ಗಟ್ಟಿ ರೂಪ ಬಂದದ್ದು 1917ರಲ್ಲಿ, ಅಮೆರಿಕದ 'ಮೌಮಿ' ಎಂಬ ಟ್ಯಾಂಕರಿನಿಂದ. ಐರ್ಲೆಂಡಿಗೆ ಹೊರಟಿದ್ದ ಚಿಕ್ಕ ಡಿಸ್ಟ್ರಾಯರುಗಳು ಅಟ್ಲಾಂಟಿಕ್ ದಾಟುವಷ್ಟು ಎಣ್ಣೆ ಹೊರಲಾರದವು. ಮೇ 28ರಂದು ನಡುಗಡಲಿನಲ್ಲಿ ಮೌಮಿ ಅವುಗಳಿಗೆ ಎಣ್ಣೆ ಕೊಟ್ಟಿತು. ಅದರ ವ್ಯವಸ್ಥೆ ರೂಪಿಸಿದವರಲ್ಲಿ ಮುಖ್ಯನಾದ ಅಧಿಕಾರಿ ಚೆಸ್ಟರ್ ನಿಮಿಟ್ಜ್. ಅದೇ ಹಡಗಿನ ಎಂಜಿನ್ ತೋರಿಸುವಾಗ ಗೇರಿಗೆ ಸಿಕ್ಕಿ ಬೆರಳೊಂದರ ತುದಿಯನ್ನು ಕಳೆದುಕೊಂಡಿದ್ದವನು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಇಡೀ ಅಮೆರಿಕನ್ ನೌಕಾಪಡೆ ಇದೇ ನಿಮಿಟ್ಜ್ ಕೈಕೆಳಗೆ ಹೋರಾಡಿತು. ಆ ಯುದ್ಧ ಗೆದ್ದದ್ದು ವಿಮಾನವಾಹಕ ನೌಕೆಗಳು ಎನ್ನುತ್ತಾರೆ. ಅವುಗಳನ್ನು ಅಷ್ಟು ದೂರ, ಅಷ್ಟು ದಿನ ನಿಲ್ಲಿಸಿದ್ದು ಟ್ಯಾಂಕರುಗಳು ಎಂಬುದು ನಿಮಿಟ್ಜ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಯುದ್ಧದ ಒಂದು ಪ್ರಸಂಗ. 1942ರ ಮೇ 7, ಕೋರಲ್ ಸಮುದ್ರ. ಜಪಾನಿನ ಹುಡುಕು ವಿಮಾನ ಕೆಳಗೆ ಅಮೆರಿಕದ ವಿಮಾನವಾಹಕ ನೌಕೆ ಇದೆಯೆಂದು ಸುದ್ದಿ ಕೊಟ್ಟಿತು. ಎಪ್ಪತ್ತಕ್ಕೂ ಹೆಚ್ಚು ವಿಮಾನ ಹಾರಿದವು. ಹೋಗಿ ನೋಡಿದರೆ ಅಲ್ಲಿದ್ದದ್ದು 'ನಿಯೋಶೊ' ಎಂಬ ಎಣ್ಣೆ ಹಡಗು, ಕಾವಲಿಗೆ 'ಸಿಮ್ಸ್' ಎಂಬ ಒಂದೇ ಡಿಸ್ಟ್ರಾಯರ್. ಬಂದ ಮೇಲೆ ಬರಿಗೈಲಿ ಹೋಗುವುದೇಕೆಂದು ಎರಡನ್ನೂ ಹೊಡೆದರು. ಸಿಮ್ಸ್ ಮುಳುಗಿತು. ನಿಯೋಶೊ ಉರಿಯುತ್ತ, ವಾಲಿಕೊಂಡು ನಾಲ್ಕು ದಿನ ತೇಲಿತು. ಮೇ 11ರಂದು ಬೇರೊಂದು ಹಡಗು ಹುಡುಕಿ ಬಂದು 123 ಜನರನ್ನು ಉಳಿಸಿತು. ಅತ್ತ ಜಪಾನೀಯರ ಗಮನ ಇಲ್ಲಿದ್ದ ದಿನವೇ ಅಮೆರಿಕದ ವಿಮಾನಗಳು ಜಪಾನಿನ 'ಶೋಹೊ' ವಿಮಾನವಾಹಕವನ್ನು ಮುಳುಗಿಸಿದವು. ಎಣ್ಣೆ ಹಡಗಿನ ಬಾಳು ಹೀಗೆ: ಓಟ ನಿಧಾನ, ಒಳಗೆಲ್ಲ ಬೆಂಕಿಗೆ ಆಹಾರ, ಕೈಯಲ್ಲಿ ಹೇಳಿಕೊಳ್ಳುವಂಥ ಆಯುಧವಿಲ್ಲ.

ಚಪಲ್ ಮತ್ತು ಪೋಷಕ್

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರೆಲ್ಲ ಐಎನ್‌ಎಸ್ ಚಪಲ್ ಹತ್ತಿ ಇಳಿದಿರುತ್ತಾರೆ. ದಡಕ್ಕೆ ಎಳೆದಿಟ್ಟ ಆ ಕ್ಷಿಪಣಿ ದೋಣಿ 39 ಮೀಟರಿಗಿಂತ ಉದ್ದವಿಲ್ಲ. ಮೇಲೆ ನಾಲ್ಕು ಕ್ಷಿಪಣಿಗಳ ದೊಡ್ಡ ಡಬ್ಬಗಳು, ಒಳಗೆ ಭಾರೀ ಎಂಜಿನ್ನುಗಳು. ಒಳಗೆ ಹೋಗಿ ನೋಡಿ, ಎಣ್ಣೆಗೆ ಎಷ್ಟು ಜಾಗ ಉಳಿದೀತು ಎಂದು ನೀವೇ ಅಂದಾಜು ಮಾಡಬಹುದು. 1976ರಲ್ಲಿ ಸೇವೆಗೆ ಬಂದ ಚಪಲ್ 1971ರ ಯುದ್ಧ ಕಂಡದ್ದಲ್ಲ. ಆದರೆ ಅದೇ ವಂಶದ ಹಿಂದಿನ ದೋಣಿಗಳು ನಿಪಾತ್, ನಿರ್ಘಾತ್, ವೀರ್.

1971ರ ಡಿಸೆಂಬರ್ 4ರ ರಾತ್ರಿ ಆ ಮೂರು ದೋಣಿಗಳು ಕರಾಚಿಯ ಮೇಲೆ ಎರಗಿದವು. 'ಆಪರೇಷನ್ ಟ್ರೈಡೆಂಟ್' ಅದರ ಹೆಸರು. ಡಿಸೆಂಬರ್ 4ನ್ನು ನೌಕಾಪಡೆ ದಿನವೆಂದು ಆಚರಿಸುವುದು ಅದರ ನೆನಪಿಗೇ. ಬಂದರು ಕಾಯಲೆಂದು ಬಂದ ಈ ದೋಣಿಗಳು ಕರಾಚಿಗೆ ಹೋಗಿ ದಾಳಿ ಮಾಡಿ ಮರಳುವಷ್ಟು ಎಣ್ಣೆ ಹೊರಲಾರವು ಎಂಬುದು ಪಾಕಿಸ್ತಾನಕ್ಕೂ ಗೊತ್ತಿತ್ತು. ನಮ್ಮವರು ಎರಡು ಉಪಾಯ ಮಾಡಿದರು. ದೋಣಿಗಳನ್ನು ಹಗ್ಗ ಕಟ್ಟಿ ದೊಡ್ಡ ಹಡಗುಗಳಿಂದ ಎಳೆಸಿಕೊಂಡು ಹೋಗುವುದು ಒಂದು. ಇನ್ನೊಂದು, ಪಡೆಯ ಜೊತೆಗೆ ಎಣ್ಣೆ ಹಡಗನ್ನು ಕಳಿಸುವುದು. ಕಿಲ್ಟನ್, ಕಚ್ಚಲ್ ಎಂಬ ಯುದ್ಧನೌಕೆಗಳ ಹೆಸರು ಪ್ರತಿ ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ಬರುತ್ತದೆ. ಎಣ್ಣೆ ಹೊತ್ತು ಹೋದ 'ಪೋಷಕ್' ಹೆಸರು ಬಂದರೆ ಅದು ನಮ್ಮ ಪುಣ್ಯ.

ನಾಲ್ಕು ದಿನದ ನಂತರ, ಡಿಸೆಂಬರ್ 8ರ ರಾತ್ರಿ, 'ವಿನಾಶ್' ಎಂಬ ಒಂದೇ ದೋಣಿ ಎರಡು ಫ್ರಿಗೇಟುಗಳ ಜೊತೆ ಮತ್ತೆ ಹೋಯಿತು. ಕೆಮಾರಿಯ ತೈಲ ಟ್ಯಾಂಕುಗಳು ಹೊತ್ತಿ ಉರಿದವು. ಅಂದು ಕ್ಷಿಪಣಿ ತಗುಲಿದ ಹಡಗುಗಳಲ್ಲಿ ಒಂದು ಪಾಕಿಸ್ತಾನ ನೌಕಾಪಡೆಯ ಫ್ಲೀಟ್ ಟ್ಯಾಂಕರ್ 'ಢಾಕಾ'. ಕರಾಚಿಯ ಬೆಂಕಿಯ ಮಾತಾಡುವಾಗ ನಾವು ಟ್ಯಾಂಕುಗಳನ್ನಷ್ಟೇ ನೆನೆಯುತ್ತೇವೆ. ಪಡೆಯನ್ನು ದೂರ ಕಳಿಸುವ ಶಕ್ತಿಗೂ ಆ ರಾತ್ರಿ ಪೆಟ್ಟು ಬಿತ್ತು.

ನಾಲ್ಕು ಹಡಗಿನ ಸಂಸಾರ

ನಮ್ಮ ಟ್ಯಾಂಕರುಗಳ ಜಾತಕ ತೆಗೆದರೆ ಊರೂರಿನ ಹೆಸರು ಸಿಗುತ್ತದೆ. 1967ರಲ್ಲಿ ಬಂದ ಮೊದಲ ದೀಪಕ್, 1976ರ ಶಕ್ತಿ, ಎರಡೂ ಜರ್ಮನಿಯ ಬ್ರೆಮರ್ ವಲ್ಕನ್ ಕಟ್ಟಿದ್ದು. 1996ರ ಜ್ಯೋತಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನದು. 35,900 ಟನ್ ತೂಗುವ ಅದು ಈಗಿನ ನಾಲ್ಕರಲ್ಲಿ ದೊಡ್ಡದು. ನಮ್ಮ ನೆಲದಲ್ಲೇ, ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದ್ದು ಆದಿತ್ಯ. 1993ರಲ್ಲಿ ನೀರಿಗಿಳಿದ ಅದು ಸೇವೆಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. ನೀರಿಗಿಳಿದ ಮೇಲೂ ಆರು ವರ್ಷಕ್ಕೂ ಹೆಚ್ಚು! ಯುದ್ಧನೌಕೆ ಇಷ್ಟು ತಡವಾಗಿದ್ದರೆ ಸಂಸತ್ತಿನಲ್ಲಿ ಗದ್ದಲ ಆಗುತ್ತಿತ್ತು.

ಈಗಿನ ದೀಪಕ್ ಮತ್ತು ಶಕ್ತಿ ಇಟಲಿಯ ಫಿಂಕಾಂಟಿಯೇರಿ ಕಟ್ಟಿಕೊಟ್ಟ ಜೋಡಿ. ದೀಪಕ್ 2011ರ ಜನವರಿಯಲ್ಲಿ ಮುಂಬೈಯಲ್ಲಿ, ಶಕ್ತಿ ಅದೇ ವರ್ಷದ ಅಕ್ಟೋಬರಿನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದವು. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ. 175 ಮೀಟರ್ ಉದ್ದ, ಪೂರ್ತಿ ತುಂಬಿದಾಗ 27,500 ಟನ್, ಗರಿಷ್ಠ ವೇಗ 20 ನಾಟ್. 16 ನಾಟ್ ವೇಗದಲ್ಲಿ 10,000 ನಾಟಿಕಲ್ ಮೈಲಿ ಹೋಗಬಲ್ಲವು. ಗಂಟೆಗೆ 1,500 ಟನ್ ಎಣ್ಣೆ ಕೊಡಬಲ್ಲವು. ಹಡಗಿನ ಇಂಧನ, ವಿಮಾನದ ಇಂಧನ, ಕುಡಿಯುವ ನೀರು ಎಲ್ಲಕ್ಕೂ ಬೇರೆಬೇರೆ ಟ್ಯಾಂಕು. ಸಾಲದ್ದಕ್ಕೆ ಮದ್ದುಗುಂಡು, ದಿನಸಿ, ಬಿಡಿಭಾಗ. ಎರಡು ಪದರದ ಒಡಲು, ಹೊರಗಿನದಕ್ಕೆ ಪೆಟ್ಟಾದರೂ ಎಣ್ಣೆ ಕಡಲಿಗೆ ಚೆಲ್ಲಬಾರದೆಂದು.

ಖರೀದಿ ಮಾತ್ರ ತಕರಾರಿಲ್ಲದೆ ಮುಗಿಯಲಿಲ್ಲ. ನೌಕಾಪಡೆ ಕೇಳಿದ ದರ್ಜೆಯ ಉಕ್ಕು ಬಿಟ್ಟು ಬೇರೆ ಉಕ್ಕಿಗೆ ಒಪ್ಪಿಕೊಂಡದ್ದನ್ನು ಸಿಎಜಿ ವರದಿ ಆಕ್ಷೇಪಿಸಿತು. ಆಕ್ಷೇಪಣೆ ನ್ಯಾಯವೇ. ಆದರೆ ಅದರ ಹಿಂದಿನ ಪ್ರಶ್ನೆಯನ್ನೂ ಕೇಳಬೇಕು. ಡಿಸ್ಟ್ರಾಯರ್, ಜಲಾಂತರ್ಗಾಮಿ, ಕೊನೆಗೆ ವಿಮಾನವಾಹಕವನ್ನೂ ಇಲ್ಲೇ ಕಟ್ಟುವ ಛಲ ತೊಟ್ಟ ದೇಶ, ಒಂದು ಎಣ್ಣೆ ಹಡಗಿಗೆ ಇಟಲಿಯ ಬಾಗಿಲಿಗೆ ಹೋದದ್ದೇಕೆ? ಎಣ್ಣೆ ಹಡಗನ್ನು ನಾವು ಯಾವಾಗಲೂ 'ಬೇಕಾದಾಗ ಕೊಂಡರಾಯಿತು' ಎಂಬ ಪಟ್ಟಿಯಲ್ಲಿ ಇಟ್ಟದ್ದೇ ಕಾರಣ ಎಂದು ನನಗೆ ಅನ್ನಿಸುತ್ತದೆ.

ಶಾಂತಿಕಾಲದಲ್ಲಿ ಈ ಹಡಗಿನ ಬೆಲೆ ತಿಳಿದದ್ದು ಮಾಲ್ಡೀವ್ಸ್ ಜನಕ್ಕೆ. 2014ರ ಡಿಸೆಂಬರ್ 4ರಂದು ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಕೆರೆಯಿಲ್ಲ, ಹೊಳೆಯಿಲ್ಲ, ಒಂದು ಲಕ್ಷಕ್ಕೂ ಹೆಚ್ಚು ಜನ ಇರುವ ಊರಿನ ನಲ್ಲಿಗಳು ಒಣಗಿದವು. ವಿಮಾನದಲ್ಲಿ ಬಾಟಲಿ ನೀರು ಹೋಯಿತು. ಗಸ್ತು ನೌಕೆ ಸುಕನ್ಯಾ 35 ಟನ್ ನೀರು ಹೊತ್ತು ಮುಟ್ಟಿತು. ಅದರ ಹಿಂದೆ ಹೋದ ದೀಪಕ್‌ನ ಟ್ಯಾಂಕಿನಲ್ಲಿ 1,000 ಟನ್ ಕುಡಿಯುವ ನೀರು ಇತ್ತು. ಅಲ್ಲಿ ನಿಂತು ಕಡಲ ನೀರನ್ನೇ ಸಿಹಿ ಮಾಡುವ ಯಂತ್ರವೂ ಅದರಲ್ಲಿತ್ತು. ಯಾವ ಯುದ್ಧನೌಕೆ ಹೋದರೂ ಆ ಊರಿಗೆ ಅಷ್ಟು ಉಪಕಾರ ಆಗುತ್ತಿರಲಿಲ್ಲ.

ನಾಲ್ಕೇ ಹಡಗು ಎಂದರೆ ಲೆಕ್ಕಕ್ಕೆ ನಾಲ್ಕು. ಯಾವ ಹಡಗೂ ವರ್ಷವಿಡೀ ಕಡಲಲ್ಲಿ ಇರುವುದಿಲ್ಲ. ದುರಸ್ತಿಗೆ, ಬಣ್ಣಕ್ಕೆ, ಎಂಜಿನ್ ಬಿಚ್ಚಿ ಜೋಡಿಸಲು ದಡಕ್ಕೆ ಬರಲೇಬೇಕು. 2008ರಿಂದ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಗಸ್ತು, 2019ರಿಂದ ಒಮಾನ್ ಕೊಲ್ಲಿಯಲ್ಲಿ ನಮ್ಮ ವ್ಯಾಪಾರಿ ಹಡಗುಗಳಿಗೆ ಕಾವಲು, ಅತ್ತ ಮಲಕ್ಕಾ ಜಲಸಂಧಿಯ ಬಾಯಿ. ಕೆಲಸ ಹರಡಿದಷ್ಟೂ ಟ್ಯಾಂಕರು ಸಾಲದಾಗುತ್ತದೆ. ಆ ಕೊರತೆಯನ್ನು ಸ್ನೇಹದಿಂದ ತುಂಬಿಕೊಳ್ಳುವ ದಾರಿಯೂ ಒಂದಿದೆ. 2016ರಲ್ಲಿ ಅಮೆರಿಕದೊಂದಿಗೆ ಪರಸ್ಪರ ಇಂಧನ, ಸರಬರಾಜು ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. 2020ರ ಸೆಪ್ಟೆಂಬರಿನಲ್ಲಿ ಉತ್ತರ ಅರಬ್ಬಿ ಸಮುದ್ರದಲ್ಲಿದ್ದ ಐಎನ್‌ಎಸ್ ತಲ್ವಾರ್‌ಗೆ ಎಣ್ಣೆ ಕೊಟ್ಟದ್ದು ಅಮೆರಿಕದ ಟ್ಯಾಂಕರ್. ಒಳ್ಳೆಯದೇ. ಆದರೆ ಪಕ್ಕದ ಮನೆಯವರ ಉಗ್ರಾಣ ನಂಬಿ ಮದುವೆ ಇಟ್ಟುಕೊಳ್ಳಲಾಗದು. ಅವರ ಉಗ್ರಾಣದಲ್ಲೂ ತತ್ವಾರ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಒಮಾನ್ ಬಳಿ 'ಬಿಗ್ ಹಾರ್ನ್' ಎಂಬ ಅಮೆರಿಕದ ಟ್ಯಾಂಕರ್ ನೆಲಕ್ಕೆ ತಾಗಿ ಕೆಟ್ಟಿತು. ಅಬ್ರಹಾಂ ಲಿಂಕನ್ ವಿಮಾನವಾಹಕದ ಪಡೆಗೆ ಎಣ್ಣೆ ಕೊಡುತ್ತಿದ್ದ ಹಡಗು ಅದು. ಲಿಂಕನ್ ಓಡುವುದು ಅಣುಶಕ್ತಿಯಿಂದ, ಅದಕ್ಕೆ ಡೀಸೆಲ್ ಬೇಡ. ಅದರ ವಿಮಾನಗಳಿಗೆ, ಸುತ್ತಲಿನ ಕಾವಲು ಹಡಗುಗಳಿಗೆ ಬೇಕು. ಒಂದು ಎಣ್ಣೆ ಹಡಗು ಕೆಟ್ಟದ್ದಕ್ಕೆ ಜಗತ್ತಿನ ಅತಿ ಬಲಿಷ್ಠ ನೌಕಾಪಡೆ ಬದಲಿ ಹುಡುಕಿಕೊಂಡು ಓಡಾಡಿತು.

ಚೀನಾ ಈ ಪಾಠವನ್ನು ಬೇಗ ಕಲಿತಿತು. 2008ರ ಡಿಸೆಂಬರಿನಲ್ಲಿ ಅದು ಏಡನ್ ಕೊಲ್ಲಿಗೆ ಮೊದಲ ತಂಡ ಕಳಿಸಿದಾಗ ಎರಡು ಯುದ್ಧನೌಕೆಯ ಜೊತೆ 'ವೇಯ್‌ಶಾನ್‌ಹು' ಎಂಬ ಸರಬರಾಜು ಹಡಗು ಇತ್ತು. ಆಮೇಲೆ ಹೋದ ತಂಡಗಳಿಗೂ ಸಾಮಾನ್ಯವಾಗಿ ಇದೇ ಲೆಕ್ಕ, ಎರಡಕ್ಕೆ ಒಂದು. ಅಂಥ ಹಡಗುಗಳನ್ನು ಒಂದರ ಹಿಂದೊಂದು ಕಟ್ಟುತ್ತ ಬಂದು, 2017ರಲ್ಲಿ ವಿಮಾನವಾಹಕ ಪಡೆಗೆಂದೇ 40,000 ಟನ್ ಮೀರಿದ ಇನ್ನೂ ದೊಡ್ಡ ಹಡಗನ್ನು ಸೇವೆಗೆ ತಂದಿತು.

ನಮ್ಮಲ್ಲಿ ಮನಸ್ಸಾದದ್ದು 2023ರಲ್ಲಿ. ಆ ವರ್ಷದ ಆಗಸ್ಟ್ 25ರಂದು ರಕ್ಷಣಾ ಸಚಿವಾಲಯ ಐದು 'ಫ್ಲೀಟ್ ಸಪೋರ್ಟ್ ಶಿಪ್'ಗಳಿಗೆ ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್ ಜೊತೆ ಸಹಿ ಹಾಕಿತು. ಒಟ್ಟು ವೆಚ್ಚ ಸುಮಾರು 19,000 ಕೋಟಿ ರೂಪಾಯಿ, ಒಂದೊಂದರ ತೂಕ 44,000 ಟನ್, ಐದೂ ಬರಲು ಎಂಟು ವರ್ಷ. ಈ ಶಿಪ್‌ಯಾರ್ಡನ್ನು 1941ರಲ್ಲಿ ಶುರು ಮಾಡಿದವರು ವಾಲ್‌ಚಂದ್ ಹೀರಾಚಂದ್. ಅದರ ಹಿಂದಿನ ವರ್ಷವಷ್ಟೇ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಕಟ್ಟಿದ್ದೂ ಅವರೇ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಡಗು 'ಜಲ ಉಷಾ'ವನ್ನು 1948ರಲ್ಲಿ ನೆಹರೂ ನೀರಿಗಿಳಿಸಿದ್ದು ವಿಶಾಖಪಟ್ಟಣದ ಅದೇ ಅಂಗಳದಿಂದ. ನಡುವಿನ ದಶಕಗಳಲ್ಲಿ ಕೆಲಸವಿಲ್ಲದೆ ಸೊರಗಿದ್ದ ಆ ಅಂಗಳಕ್ಕೆ ಇಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಸಂತೋಷದ ಮಾತು. ಎಲ್ಲವನ್ನೂ ಅದೊಂದೇ ಹೊರಲಾರದೆಂದು ಕೆಲವನ್ನು ತಮಿಳುನಾಡಿನ ಕಾಟ್ಟುಪಳ್ಳಿಯ ಎಲ್ ಅಂಡ್ ಟಿ ಅಂಗಳಕ್ಕೂ ಹಂಚಲಾಗಿದೆ.

ಮೊದಲ ಹಡಗಿಗೆ ಉಕ್ಕು ಕತ್ತರಿಸಿದ್ದು 2024ರ ಏಪ್ರಿಲ್‌ನಲ್ಲಿ. ಅದು ನೌಕಾಪಡೆಯ ಕೈಸೇರಬೇಕಾದದ್ದು 2027ರಲ್ಲಿ. ಕಾರವಾರದಲ್ಲಿ ಈಗ ವಿಮಾನವಾಹಕ ನೌಕೆಗಳಿಗೆ ನೆಲೆ ಸಿದ್ಧ, ಜೆಟ್ಟಿ ಸಿದ್ಧ. ಅವುಗಳ ಹಿಂದೆ ಎಣ್ಣೆ ಹೊತ್ತು ಹೋಗಬೇಕಾದ ಹಡಗಿನ ಗಡುವನ್ನೂ ಸರ್ಕಾರ ಯುದ್ಧನೌಕೆಯ ಗಡುವಿನಷ್ಟೇ ಬಿಗಿಯಾಗಿ ಹಿಡಿಯಬೇಕು. ಆದಿತ್ಯಕ್ಕೆ ಆದ ತಡ ಈ ಐದಕ್ಕೂ ಆದರೆ, 1996ರಲ್ಲಿ ಬಂದ ಜ್ಯೋತಿಯೇ ನಲವತ್ತನೇ ವಯಸ್ಸಿನಲ್ಲೂ ಎಣ್ಣೆ ಹೊರಬೇಕಾದೀತು.